ಅತ್ತೆಯರ ವಿಭಾಗದ ಬೋರಯ್ಯ

ಆಷಾಢದ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ, ಮಳವಳ್ಳಿಯಲ್ಲಿ ನಾನು ನರ್ಸ್ ಆಗಿದ್ದ ಹೆರಿಗೆ ಆಸ್ಪತ್ರೆಯ ಮುಂದಿನ ಜಗಲಿ. ಹಾಜರಿದ್ದವರು ಡಾಕ್ಟರ್ ವಿಮಲಾ, ನಾನು, ಆಯಾ ತಾಯಮ್ಮ, ಬೆಳಕವಾಡಿಯಿಂದ ಹೆಂಡತಿಯನ್ನು ಹೆರಿಗೆಗೆ ಕರೆತಂದಿದ್ದ ಶಿವಣ್ಣ, ಅವನ ತಾಯಿ ನಂಜಮ್ಮ. ಜಗಲಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಜೀಪಿಗೆ ಒರಗಿಕೊಂಡು, ಕಿವಿಗೆ ಬೀಡಿ ಸಿಕ್ಕಿಸಿಕೊಂಡು ನಿಂತಿದ್ದವನು ಡ್ರೈವರ್ ಬೋರಯ್ಯ. ಡ್ರೈವರನ ಹೆಸರನ್ನು ಕೊನೆಗೆ ಬರೆಯುವುದು ಆಗಿನ ಪದ್ಧತಿ. ಆ ದಿನದ ಕೆಲಸ ನೋಡಿದರೆ ಅವನನ್ನೇ ಮೊದಲು ಬರೆಯಬೇಕಾಗಿತ್ತು.

ಅವನ ಬಗ್ಗೆ ಹೇಳಲು ಜೀಪಿನ ಹಾರ್ನಿನಿಂದಲೇ ಶುರುಮಾಡಬೇಕು. ಅದು ಕೈಯಲ್ಲಿ ಹಿಚುಕಿದರೆ ‘ಪೋಂ’ ಎನ್ನುವ ರಬ್ಬರ್ ಬುರುಡೆಯ ಹಾರ್ನು. ಎಲ್ಲ ಗಾಡಿಗಳಲ್ಲೂ ಹಾರ್ನು ಡ್ರೈವರನ ಕೈಗೆ ಸಿಗುವಂತೆ ಇರುತ್ತದೆ. ನಮ್ಮ ಜೀಪಿನಲ್ಲಿ ಅದು ಎಡಗಡೆ, ಡ್ರೈವರನ ಪಕ್ಕ ಕೂತವರ ಕೈಗೆ ಸಿಗುವಂತೆ, ದಪ್ಪ ತಂತಿಯಲ್ಲಿ ಬಿಗಿದು ಕಟ್ಟಿತ್ತು. ನಾನು ಮೈಸೂರಿನಲ್ಲಿ ತರಬೇತಿಯಾದವಳು. ಅಲ್ಲಿ ನಮ್ಮ ಮೇಟ್ರನ್ ಹಾಸಿಗೆಯ ಮೇಲಿನ ದುಪ್ಪಟಿಯ ಮಡಿಕೆಯನ್ನು ಅಡಿಕೋಲು ಹಿಡಿದು ಅಳೆಯುತ್ತಿದ್ದರು. ಹಾಗೆ ಬೆಳೆದವಳು ಮಳವಳ್ಳಿಗೆ ಬಂದ ಮೊದಲ ದಿನವೇ ಆಸ್ಪತ್ರೆಯಲ್ಲಿ ಏನೇನು ಸರಿಯಿಲ್ಲ ಎಂದು ಪಟ್ಟಿ ಬರೆದೆ. ಹಾರ್ನು ತಪ್ಪು ಕಡೆ ಇದೆ ಎನ್ನುವುದು ಅದರಲ್ಲಿ ಏಳನೆಯದು. ಪಟ್ಟಿ ಹಿಡಿದುಕೊಂಡು ಹೋಗಿ ಬೋರಯ್ಯನನ್ನು ಕೇಳಿದೆ.

“ತಪ್ಪು ಕಡೆ ಯಾಕಾಯ್ತದೆ ಸಿಸ್ಟ್ರಮ್ಮ? ಸರ್ಯಾಗೇ ಅದೆ,” ಎಂದ.

“ಹಾರ್ನು ಹೊಡೆಯುವವನು ನೀನಲ್ಲವೇನಪ್ಪ?”

“ನಂಗೆ ಸ್ಟೇರಿಂಗ್ ಅದೆ, ಗೇರ್ ಅದೆ, ಬ್ರೇಕ್ ಅದೆ. ಅದು ಅತ್ತೇರ್ಗೆ.”

ನನಗೆ ಅರ್ಥವಾಗಲಿಲ್ಲ. ತಾಯಮ್ಮ ಬಿಸಿನೀರಿನ ಹಂಡೆಯ ಹಿಂದೆ ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಬೋರಯ್ಯ ಬೆರಳು ಮಡಿಚುತ್ತ ನನಗೆ ವಿವರಿಸಿದ: “ನೋಡಿ, ತಾಯಿ ಡಾಕ್ಟ್ರಮ್ಮಂದು. ಮಗ ನಿಮ್ದು. ನೀರು, ಬಟ್ಟೆ ತಾಯಮ್ಮಂದು. ಅತ್ತೆ ನಂದು. ನನ್ ಕೆಲ್ಸ ಕೆಟ್ರೆ ನಿಮ್ ಮೂರೂ ಕೆಡ್ತದೆ.”

ಡ್ರೈವರನಿಗೆ ಇಷ್ಟು ಮಾತು ಯಾಕೆ ಎಂದುಕೊಂಡೆ. ಅದೇ ವಾರ ಹಲಗೂರಿನ ಕಡೆಯ ಒಬ್ಬಳನ್ನು ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಜೀಪಿನಲ್ಲಿ ಬಸುರಿ, ಅವಳ ಗಂಡ, ನಾನು, ಇಷ್ಟೇ ಜನ ಎಂದು ಕಟ್ಟುನಿಟ್ಟು ಮಾಡಿದೆ. ಅತ್ತೆ ಬಾಗಿಲು ಹಿಡಿದು ಅತ್ತರೂ ಬಿಡಲಿಲ್ಲ, ಬಸ್ಸಿನಲ್ಲಿ ಬನ್ನಿ ಎಂದೆ. ಬೋರಯ್ಯ ಗಾಡಿ ಓಡಿಸಿದ. ಮಂಡ್ಯ ತಲುಪಿದ ಮೇಲೆ ಅಲ್ಲಿಯ ಡಾಕ್ಟರು ಒಪ್ಪಿಗೆಯ ಕಾಗದ ಮುಂದಿಟ್ಟರೆ ಗಂಡ ಕೈಕಟ್ಟಿ ನಿಂತ. “ಅವ್ವ ಬರ್ಲಿ,” ಎಂದ. ಗದರಿಸಿದೆ, ಬೇಡಿಕೊಂಡೆ. “ಅವ್ವ ಬರ್ಲಿ.” ಅವ್ವ ಬಸ್ಸು ಹಿಡಿದು, ಮದ್ದೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಬರುವಷ್ಟರಲ್ಲಿ ಎರಡು ಗಂಟೆ ಹೋಯಿತು. ಆ ಹುಡುಗಿಯ ಅದೃಷ್ಟ, ಕಷ್ಟಪಟ್ಟಾದರೂ ತಾನೇ ಹೆತ್ತಳು. ಹೊರಗೆ ಬಂದು ಜೀಪಿನ ಬಳಿ ನಿಂತೆ. ಬೋರಯ್ಯ ಮೆಲ್ಲಗೆ ಹೇಳಿದ: “ಗಾಡಿನೇನೋ ತಂದ್ರಿ ಸಿಸ್ಟ್ರಮ್ಮ. ಇಂಜಿನ್ನೇ ಮಳವಳ್ಳೀಲಿ ಬುಟ್ ಬಂದ್ರಿ.”

ಅಲ್ಲಿಗೂ ನನಗೆ ಬುದ್ಧಿ ಬರಲಿಲ್ಲ. ಅತ್ತೆಯರನ್ನು ಕೂರಿಸಿಕೊಳ್ಳಲು ಒಪ್ಪಿದೆನೇ ಹೊರತು ಹಾರ್ನಿನ ವಿಷಯ ಬಿಡಲಿಲ್ಲ. ಡಾಕ್ಟರಿಗೆ ಹೇಳಿ ಹಳೆಯದನ್ನು ತೆಗೆಸಿ, ಡ್ರೈವರನ ಕೈಗೆ ಸಿಗುವಂತೆ ಕರೆಂಟಿನ ಹಾರ್ನು ಹಾಕಿಸಿದೆ. ಆಮೇಲಿನ ಮೊದಲ ಪ್ರಯಾಣದಲ್ಲಿ ಬಂಡೂರಿನ ಒಬ್ಬ ಅತ್ತೆ ಮುಂದಿನ ಸೀಟಿನಲ್ಲಿದ್ದರು. ಕೈಗೆ ಕೆಲಸವಿರಲಿಲ್ಲ. ಊರು ದಾಟುವ ಮೊದಲೇ ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿ ನನಗೆ ಹೆರಿಗೆ ಮಾಡಿಸುವುದನ್ನು ಕಲಿಸತೊಡಗಿದರು. “ಎದ್ದು ಕುಂಡ್ರುಸಮ್ಮ. ಅರಳೆಣ್ಣೆ ಇಲ್ವಾ ನಿನ್ ಪೆಟ್ಟಿಗೇಲಿ? ಎಂಥಾ ಸೂಲಗಿತ್ತಿ ನೀನು? ಲೇ, ಮುಕ್ಕಮ್ಮಿ, ಮುಕ್ಕು!” ಈಗಲೇ ತಿಣುಕಬೇಡ, ಮುಕ್ಕಬೇಡ ಎಂದು ನಾನು, ಮುಕ್ಕು ಎಂದು ಅವರು. ಆ ಹುಡುಗಿ ಒಂದು ಸಲ ನನ್ನ ಮಾತು ಕೇಳಿದರೆ ಎರಡು ಸಲ ಅತ್ತೆಯ ಮಾತು ಕೇಳುತ್ತಿದ್ದಳು. ಮದ್ದೂರು ಬರುವ ಹೊತ್ತಿಗೆ ನಾನೇ ಕೂಗಿದೆ: “ಬೋರಯ್ಯ, ನಾಳೆಯೇ ಹಳೇ ಹಾರ್ನು ಹಾಕಪ್ಪ!”

“ಸೀಟಿನ ಕೆಳ್ಗೇ ಮಡಗಿವ್ನಿ ಸಿಸ್ಟ್ರಮ್ಮ,” ಎಂದ.

ಆಮೇಲೆ ನಾಲ್ಕು ವರ್ಷ ಆ ಹಾರ್ನು ಎಡಗಡೆಯೇ ಇತ್ತು. ಬೋರಯ್ಯ ಎಷ್ಟೋ ಅತ್ತೆಯರ ಕೈಯಲ್ಲಿ ಅದನ್ನು ಹಿಚುಕಿಸಿದ. ಪ್ರತಿಯೊಬ್ಬರಿಗೂ ಮೊದಲು ಎರಡು ನಿಮಿಷ ಪಾಠ. ಮೆಲ್ಲಗೆ ಹಿಚುಕಿದರೆ ಕುರಿ ಸರಿಯುತ್ತದೆ, ಎರಡು ಸಲ ಹಿಚುಕಿದರೆ ಸೈಕಲ್ಲಿನವನು ಸರಿಯುತ್ತಾನೆ, ಎಮ್ಮೆಗೆ ಮಾತ್ರ ಬಿಡದೆ ಹೊಡೆಯಬೇಕು. ಹಳ್ಳಿಯಲ್ಲಿ ಎತ್ತಿನಗಾಡಿಯ ಹಿಂದುಗಡೆ ಕೂತು ಅಭ್ಯಾಸವಾದ ಹೆಂಗಸರು ಸರ್ಕಾರಿ ಜೀಪಿನ ಮುಂದಿನ ಸೀಟಿನಲ್ಲಿ ಕೂತು, ದಾರಿಯಲ್ಲಿ ಹೋಗುವ ಗಂಡಸರನ್ನೆಲ್ಲ ಪಕ್ಕಕ್ಕೆ ಸರಿಸುತ್ತ ಮಂಡ್ಯಕ್ಕೆ ಬರುತ್ತಿದ್ದರು. ಹಿಂದೆ ಸೊಸೆ ಇದ್ದಾಳೆ ಎನ್ನುವುದು ನಡುನಡುವೆ ಅವರಿಗೆ ಮರೆತೇ ಹೋಗುತ್ತಿತ್ತು. ನನಗೆ ಬೇಕಾಗಿದ್ದುದೂ ಅಷ್ಟೇ.

ಗಾಡಿ ಓಡಿಸುತ್ತ ಅವನು ಒಂದು ಸಲವೂ ಹಿಂದಕ್ಕೆ ನೋಡುತ್ತಿರಲಿಲ್ಲ. ಆದರೂ ಬಸುರಿಯ ನೋವಿನ ಲೆಕ್ಕ ಅವನಿಗೆ ತಪ್ಪುತ್ತಿರಲಿಲ್ಲ. ನರಳುವ ದನಿ ಕೇಳಿಕೊಂಡು ರಸ್ತೆ ಬದಿಯ ಮೈಲಿಗಲ್ಲು ಎಣಿಸುತ್ತಿದ್ದ. “ಮೊದ್ಲು ಎಲ್ಡು ಕಲ್ಲಿಗೊಂದು ಬತ್ತಿತ್ತು, ಈಗ ಕಲ್ಲಿಗೊಂದು ಬತ್ತಾ ಅದೆ. ವಸಿ ಜೋರಾಗಿ ಬುಡ್ಲಾ?” ನನ್ನ ಕೈಗಡಿಯಾರ ನೋಡಿಕೊಂಡರೆ ಅವನ ಲೆಕ್ಕವೇ ಸರಿ. ಡಾಕ್ಟರ್ ವಿಮಲಾ ಅವನನ್ನು ‘ನಮ್ಮ ಅತ್ತೆಯರ ವಿಭಾಗದ ಮುಖ್ಯಸ್ಥರು’ ಎಂದೇ ಕರೆಯುತ್ತಿದ್ದರು. ಅವನು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಸಂಬಳ ಯಾಕೆ ಡ್ರೈವರಂದೇ ಬರುತ್ತದೆ ಎಂದು ಒಮ್ಮೆ ವಿಚಾರಿಸಿಯೂ ಇದ್ದ.

ಆ ಸೋಮವಾರದ ವಿಷಯಕ್ಕೆ ಬರುತ್ತೇನೆ. ಅದು ಅಲ್ಲಿ ನನ್ನ ಕೊನೆಯ ದಿನ. ಮೈಸೂರಿಗೆ ವರ್ಗವಾಗಿತ್ತು, ಸಂಜೆ ಹೊಸ ಸಿಸ್ಟರಿಗೆ ವಾರ್ಡು ಒಪ್ಪಿಸಿ ಹೊರಡಬೇಕಿತ್ತು. ಶಿವಣ್ಣನ ಹೆಂಡತಿ ಜಯಮ್ಮನನ್ನು ಬೆಳಿಗ್ಗೆ ಏಳೂವರೆಗೆ ಎತ್ತಿನಗಾಡಿಯಲ್ಲಿ ತಂದಿದ್ದರು. ಇಪ್ಪತ್ತು ವರ್ಷದ ಹುಡುಗಿ, ಚೊಚ್ಚಲ ಬಸುರಿ. ಹಿಂದಿನ ದಿನದಿಂದ ನೋವು ತಿಂದು ತಿಂದು ದನಿಯೂ ಹೊರಡುತ್ತಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದು ಹೇಳಿದರು: “ಮಗು ಅಡ್ಡಲಾಗಿ ಮಲಗಿದೆ. ಮಂಡ್ಯದಲ್ಲಿ ಆಪರೇಷನ್ ಮಾಡಿಯೇ ತೆಗೆಯಬೇಕು. ಮಧ್ಯಾಹ್ನ ಮೀರಿದರೆ ಮಗುವೂ ಉಳಿಯುವುದಿಲ್ಲ, ತಾಯಿಯೂ ಉಳಿಯುವುದಿಲ್ಲ.”

ನಂಜಮ್ಮ ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತರು. ಗಟ್ಟಿಮುಟ್ಟಾದ ಆಳು, ಬಾಯ್ತುಂಬ ಎಲೆಅಡಿಕೆ.

“ಕುಯ್ಯಕೆ ನಾನು ಬುಡಕಿಲ್ಲ,” ಎಂದರು. “ನಾನು ಏಳು ಎತ್ತಿವ್ನಿ. ಒಂದ್ಕಾದ್ರೂ ಕತ್ತಿ ಮುಟ್ಟುಸ್ನಾ? ಆರ್ನೇದು ಗದ್ದೆ ಬದೀನಾಗೇ ಆಯ್ತು. ಮನೇಗ್ ಬಂದು ನಾನೇ ಮುದ್ದೆ ತಿರುವ್ದೆ.”

“ಆ ಮಕ್ಕಳು ಅಡ್ಡಲಾಗಿರಲಿಲ್ಲವಲ್ಲಮ್ಮ,” ಎಂದರು ಡಾಕ್ಟರು.

“ಅಡ್ಡನೋ ಉದ್ದನೋ, ಒಟ್ಟೆ ಒಳಗಿರಾದ ನೀವೇನ್ ಕಂಡ್ರಾ?”

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಂಜಮ್ಮ ಅದನ್ನು ತಿರುಗಿಸಿ ಹಿಡಿದು, “ಈಗ ಸರ್ಯಾಗದಲ್ಲ,” ಎಂದರು. ತಾಯಮ್ಮ ಕೈಮುಗಿದಳು. ನಾನು ಶಿವಣ್ಣನ ಕಡೆ ತಿರುಗಿದೆ. ಅವನು ನೆಲ ನೋಡಿಕೊಂಡು, “ಅವ್ವ ಏನಂದ್ರೆ ಅದೇಯ,” ಎಂದ. ಒಳಗೆ ಜಯಮ್ಮ ಒಂದು ಸಲ ನರಳಿದಳು. ಗಂಟೆ ಎಂಟೂ ಇಪ್ಪತ್ತೈದು. ನಾವು ಮೂವರು ಹೆಂಗಸರು, ಒಬ್ಬರು ಡಾಕ್ಟರಿಕೆ ಓದಿದವರು, ಒಬ್ಬಳು ತರಬೇತಾದವಳು, ಒಬ್ಬಳು ಆ ಸೀಮೆಯಲ್ಲೇ ಹುಟ್ಟಿದವಳು, ಕೈಚೆಲ್ಲಿ ನಿಂತಿದ್ದೆವು.

ಆಗ ಬೋರಯ್ಯ ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ. ಆಪರೇಷನ್ನಿನ ಮಾತೇ ಎತ್ತಲಿಲ್ಲ.

“ಅವ್ವ, ಮದ್ದೂರ್ ರಸ್ತೆ ತುಂಬಾ ಕಬ್ಬಿನ ಗಾಡಿ ನಿಂತವೆ. ಆರನ್ ಒಡಿಯಕೆ ಒಬ್ರು ಬೇಕು. ಎಲ್ಲಾರ್ ಕೈಲೂ ಆಗಕಿಲ್ಲ, ಕಸುವಿರ್ಬೇಕು. ನಿಮ್ ಮಗನ ಕೈಲಾಯ್ತದಾ?”

“ಅವನ ಕೈಲೇನಾಯ್ತದೆ? ಎಮ್ಮೆ ಮೊಲೆ ಇಂಡಕೂ ಬರಕಿಲ್ಲ ಅವ್ನಿಗೆ.”

“ಅಂಗಾರೆ ನೀವೇ ಬರ್ಬೇಕು. ಕುಯ್ಯದು ಬುಡದು ಮಂಡ್ಯದಾಗೆ ಮಾತಾಡವ. ನೀವು ಊ ಅನ್ನದೆ ಯಾರೂ ಮುಟ್ಟಕಿಲ್ಲ. ನಡೀರಿ, ಬಿಸ್ಲೇರ್ತದೆ.”

ನಂಜಮ್ಮ ಎಲೆಅಡಿಕೆ ಉಗಿದು ಎದ್ದರು. ಐದು ನಿಮಿಷದಲ್ಲಿ ಎಲ್ಲವೂ ಆಯಿತು. ಡಾಕ್ಟರು ಥಿಯೇಟರ್ ಸಿದ್ಧವಿಡಲು ಹೇಳಿ ಮಂಡ್ಯಕ್ಕೆ ಫೋನು ಮಾಡಿದರು. ತಾಯಮ್ಮ ಜೀಪಿನ ಹಿಂದುಗಡೆ ಹಾಸಿಗೆ ಹಾಸಿ ಕಾಯಿಸಿದ ಬಟ್ಟೆ ಇಟ್ಟಳು. ನಾನು ಗ್ಲೂಕೋಸ್ ಏರಿಸಿ ಬಾಟಲಿಯನ್ನು ಶಿವಣ್ಣನ ಕೈಗೆ ಕೊಟ್ಟು, ಇಳಿಸಿದರೆ ಜೋಕೆ ಎಂದೆ. ಎಂಟೂ ನಲವತ್ತಕ್ಕೆ ಹೊರಟೆವು.

ಬೋರಯ್ಯ ಹೇಳಿದ್ದು ಸುಳ್ಳಾಗಿರಲಿಲ್ಲ. ಕಬ್ಬು ಅರೆಯುವ ಕಾಲ, ಆಲೆಮನೆಗೂ ಕಾರ್ಖಾನೆಗೂ ಹೋಗುವ ಗಾಡಿಗಳು ಒಂದರ ಬಾಲಕ್ಕೆ ಒಂದು ಮೂತಿ ಇಟ್ಟುಕೊಂಡು ಸಾಗುತ್ತಿದ್ದವು. ನಂಜಮ್ಮ ಹಾರ್ನು ಹಿಚುಕಿದರು. ಎಮ್ಮೆಗೆ ಹೊಡೆಯುವ ಹಾಗೆ ಬಿಡದೆ ಹಿಚುಕಿದರು. ಗಾಡಿಯವನೊಬ್ಬ ತಿರುಗಿಯೂ ನೋಡದೆ, “ಏನವ್ವ ಅವಸರ?” ಎಂದ.

“ಸೊಸೇಗೆ ನೋವು ಕಣ್ಲಾ!”

“ಎಲ್ಲಾರ್ ಸೊಸೇರ್ಗೂ ನೋವೇಯ. ತಡ್ಕೋ ವಸಿ.”

ಜೀಪು ಹೆಜ್ಜೆ ಹೆಜ್ಜೆಗೆ ನಿಲ್ಲುತ್ತಿತ್ತು. ಬೋರಯ್ಯ ಮುಂದೆ ನೋಡಿಕೊಂಡೇ ಹೇಳಿದ: “ನೋವು ಅಂದ್ರೆ ಸರಿಯಕಿಲ್ಲ ಅವ್ವ ಇವ್ರು. ಆಪ್ರೇಸನ್ ಅನ್ನಿ, ಎಂಗ್ ಸರೀತಾರೆ ನೋಡಿ.”

ಹಿಂದೆ ಜಯಮ್ಮ ನನ್ನ ಮಣಿಕಟ್ಟನ್ನು ಉಗುರೂರುವ ಹಾಗೆ ಹಿಡಿದಿದ್ದಳು. ಮುಂದಿನ ಗಾಡಿ ಅಡ್ಡ ಬಂದೊಡನೆ ನಂಜಮ್ಮ ಅರ್ಧ ಮೈ ಹೊರಗೆ ಹಾಕಿ ಕೂಗಿದರು: “ದಾರಿ ಬುಡ್ರಲಾ! ಆಪ್ರೇಸನ್ ಕಣ್ರಲಾ! ಮಗ ಅಡ್ಡ ಮಲಗದೆ, ನನ್ ಸೊಸೇಗೆ ಆಪ್ರೇಸನ್ನು!”

ಗಾಡಿಯವನು ನೊಗ ಹಿಡಿದು ಎತ್ತುಗಳನ್ನು ಮಣ್ಣಿಗೆ ಇಳಿಸಿದ. ಅವನ ಮುಂದಿನವನಿಗೆ ಅವನೇ ಕೂಗಿ ಹೇಳಿದ. ಹೀಗೆ ಗಾಡಿಯಿಂದ ಗಾಡಿಗೆ ಸುದ್ದಿ ಓಡಿತು. ನಂಜಮ್ಮನ ದನಿ ಮದ್ದೂರಿನವರೆಗೂ ನಿಲ್ಲಲಿಲ್ಲ. ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಬೆಳಕವಾಡಿಯವರೇ ಇಬ್ಬರು ಕಂಡರು. ಅವರಿಗೂ ಹೇಳಿದರು, ಊರಿಗೆ ತಿಳಿಸಲೂ ಹೇಳಿದರು. ಮಂಡ್ಯದ ದೊಡ್ಡಾಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ತಡೆದಾಗ ಅವನಿಗೂ ಕೂಗಿದರು. ಹತ್ತೂ ಐವತ್ತೈದಕ್ಕೆ ಅಲ್ಲಿಯ ಡಾಕ್ಟರು ಒಪ್ಪಿಗೆಯ ಕಾಗದ ತಂದರು. ಜಿಲ್ಲೆಯ ಅರ್ಧ ಜನಕ್ಕೆ ತಮ್ಮ ಬಾಯಿಂದಲೇ ಸಾರಿಕೊಂಡು ಬಂದ ಮೇಲೆ ಇಲ್ಲ ಎನ್ನುವುದು ಹೇಗೆ? ನಂಜಮ್ಮ ಹೆಬ್ಬೆಟ್ಟು ಮುಂದೆ ಮಾಡಿದರು. “ಬಿರ್ರನೆ ಒತ್ತುಸ್ಕಳಿ. ಮಾತಾಡ್ತಾ ನಿಂತವ್ರೆ ಇವ್ರು,” ಎಂದು ನನ್ನನ್ನೇ ಗದರಿದರು.

ಬೋರಯ್ಯನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜಯಮ್ಮನ ಮೈಯಲ್ಲಿ ರಕ್ತ ಕಡಿಮೆ. ಒಂದು ಬಾಟಲಿಯಾದರೂ ಇಲ್ಲದೆ ಕತ್ತಿ ಹಿಡಿಯಲಾರೆ ಎಂದರು ಅಲ್ಲಿಯ ಡಾಕ್ಟರು. ಶಿವಣ್ಣ ಮರುಮಾತಿಲ್ಲದೆ ತೋಳು ಕೊಟ್ಟ, ಅವನದು ಹೊಂದಲಿಲ್ಲ. ನಂಜಮ್ಮನೂ ರವಿಕೆಯ ತೋಳು ಮೇಲೆ ಮಾಡಿದರು, ವಯಸ್ಸಾಯಿತೆಂದು ಡಾಕ್ಟರು ಬೇಡವೆಂದರು. ನಾನು ಹಿಂದಿನ ತಿಂಗಳಷ್ಟೇ ಕೊಟ್ಟಿದ್ದೆ. ಎಲ್ಲರಿಗೂ ಹೊಂದುವ ಗುಂಪಿನ ರಕ್ತ ಬೋರಯ್ಯನದು ಎಂದು ನನಗೆ ಗೊತ್ತಿತ್ತು. ಡಾಕ್ಟರ್ ವಿಮಲಾ ಒಮ್ಮೆ ನಮ್ಮೆಲ್ಲರ ಬೆರಳು ಚುಚ್ಚಿ ಪರೀಕ್ಷೆ ಮಾಡಿಸಿದ್ದರು. ಆವತ್ತು ಆ ಒಂದು ಹನಿಗೇ ಅವನು ಕಣ್ಣು ತೇಲಿಸಿ ತಾಯಮ್ಮನ ಬಕೆಟ್ಟಿನ ಮೇಲೆ ಬಿದ್ದಿದ್ದ. ಜೀಪಿನಲ್ಲಿ ಹಿಂದಕ್ಕೆ ನೋಡದಿರುವುದೂ ಅದಕ್ಕೇ ಎಂದು ಆಗ ಗೊತ್ತಾಗಿತ್ತು.

ಹೊರಗೆ ಬಂದು ಕರೆದೆ. ಜೀಪಿನ ಅಡಿಯಿಂದ ಎರಡು ಪಾದ ಮಾತ್ರ ಕಾಣುತ್ತಿದ್ದವು.

“ಬೋರಯ್ಯ, ರಕ್ತ ಬೇಕಾಗಿದೆಯಪ್ಪ.”

“ಆಯಿಲ್ ಸೋರ್ತಾ ಅದೆ ಸಿಸ್ಟ್ರಮ್ಮ. ನೀವ್ ಒಂಟೋಗಿ, ಆಮ್ಯಾಕ್ ಬತ್ತೀನಿ.”

ನನ್ನ ಹಿಂದೆಯೇ ಬಂದಿದ್ದ ನಂಜಮ್ಮ ಬಗ್ಗಿ ಅವನ ಎಡಗಾಲು ಹಿಡಿದು ಎಳೆದರು. ಅರ್ಧ ಬೋರಯ್ಯ ಹೊರಗೆ ಬಂದ.

“ಏಳ್ಲಾ ಮ್ಯಾಕೆ. ಮಳವಳ್ಳಿಂದ ಇಲ್ಲೀಗಂಟ ನನ್ ಕೈಲಿ ಆರನ್ ಒಡ್ಸುದ್ಯಲ್ಲ, ನನ್ ಕೈ ನೋಡ್ಲಾ, ಎಂಗ್ ಊದ್ಕಂಡದೆ. ಈಗ ನೀನು ಕೈ ಕೊಡು. ಎಲ್ಲಾರ್ ಕೈಲೂ ಆಗಕಿಲ್ವಂತೆ, ಕಸುವಿರ್ಬೇಕಂತೆ.”

“ನಂಗೆ ಸೂಜಿ ಕಂಡ್ರೆ ಆಗಕಿಲ್ಲ ಕಣವ್ವ. ದಮ್ಮಯ್ಯ.”

“ಕಾಣ್ದಂಗೆ ನಾನ್ ಮಾಡ್ತೀನಿ, ಬಾ.”

ಹಾಸಿಗೆಯ ಮೇಲೆ ಮಲಗಿಸಿದೆವು. ಮುಖ ಸುಣ್ಣದ ಗೋಡೆಯ ಹಾಗಿತ್ತು. ನಂಜಮ್ಮ ಅವನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. “ಮಳವಳ್ಳಿಂದ ನಮ್ಮನೇಗೆ ಎಂಗ್ ಬತ್ತೀಯ, ಯೋಳು. ಒಂದ್ ತಿರುವೂ ಬುಡಬ್ಯಾಡ.”

“ಆಸ್ಪತ್ರೆ ಗೇಟ್ ದಾಟ್ತೀನಿ… ಎಡಕ್ ತಿರುಗ್ತೀನಿ…”

ಸೂಜಿ ಚುಚ್ಚಿದ್ದು ನಾನೇ. ಅವನು ಒಂದು ಸಲ ‘ಅವ್ವಾ’ ಎಂದ. “ಅವ್ವ ಇಲ್ಲೇ ಅವ್ಳೆ, ಮುಂದಕ್ ನಡಿ,” ಎಂದರು ನಂಜಮ್ಮ. ಕೆರೆ ಏರಿ ಬಂತು, ಅರಳಿಕಟ್ಟೆ ಬಂತು, ನಾಲೆ ಮೇಲಿನ ಸೇತುವೆ ಬಂತು. ತಪ್ಪು ದಾರಿ ಹಿಡಿದಲ್ಲೆಲ್ಲ ನಂಜಮ್ಮ ಬೈದು ಹಿಂದಕ್ಕೆ ಕರೆತಂದರು. ಅವನು ಬೆಳಕವಾಡಿಯ ಮೊದಲ ಮನೆ ಮುಟ್ಟುವುದಕ್ಕೂ ಬಾಟಲಿ ತುಂಬುವುದಕ್ಕೂ ಸರಿಹೋಯಿತು. ನಾಲ್ಕು ವರ್ಷದಲ್ಲಿ ಒಬ್ಬ ಅತ್ತೆ ಬೋರಯ್ಯನನ್ನು ನಡೆಸಿಕೊಂಡು ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹನ್ನೆರಡು ಗಂಟೆಗೆ ಐದು ನಿಮಿಷವಿರುವಾಗ ಥಿಯೇಟರಿನ ಒಳಗಿನಿಂದ ಅಳು ಕೇಳಿಸಿತು. ಹೆಣ್ಣುಮಗು. ಜಯಮ್ಮ ಬಿಳಿಚಿಕೊಂಡಿದ್ದಳು, ಆದರೆ ನಾಡಿ ಚೆನ್ನಾಗಿತ್ತು. ನಂಜಮ್ಮ ಮಗುವನ್ನು ನೋಡಿ, “ಗಂಟ್ಲು ನಂದೇಯ,” ಎಂದಷ್ಟೇ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಲೋಟ ಹಿಡಿದು ಹೊರಗೆ ಹೋದರು. ಹಿಂದಿನಿಂದ ಹೋಗಿ ನೋಡಿದರೆ ಬೋರಯ್ಯನಿಗೆ ಕಾಫಿ ಕುಡಿಸುತ್ತಿದ್ದರು. ಅವನು ಏಳಲು ನೋಡಿದರೆ, “ಮನಿಕಳ್ಲಾ ಸುಮ್ಕೆ,” ಎಂದು ಎದೆ ಮೇಲೆ ಕೈಯಿಟ್ಟು ಒತ್ತುತ್ತಿದ್ದರು. ಮೂರೂವರೆಯವರೆಗೂ ಅವನನ್ನು ಬಿಡಲಿಲ್ಲ.

ಹಿಂದಿರುಗುವಾಗ ಮುಂದಿನ ಸೀಟಿನಲ್ಲಿ ನಾನು ಕೂತೆ. ಬೋರಯ್ಯ ಮೆಲ್ಲಗೆ ಓಡಿಸಿದ. ಮದ್ದೂರು ದಾಟಿದ ಮೇಲೆ ಕೇಳಿದ: “ನನ್ ರಕ್ತ ಆ ಉಡುಗಿ ಮೈ ಸೇರ್ತಲ್ಲ ಸಿಸ್ಟ್ರಮ್ಮ, ಇನ್ಮ್ಯಾಕೆ ಅವ್ಳಿಗೂ ಸೂಜಿ ಕಂಡ್ರೆ ಭಯ ಆಯ್ತದಾ?”

“ಇಲ್ಲಪ್ಪ.”

“ಅತ್ತೆ ಕಂಡ್ರೆ ಭಯ ಓಯ್ತದಾ?”

“ಅದನ್ನು ನೀನೇ ಹೋಗಿ ವಿಚಾರಿಸಿಕೊಂಡು ಬಾ. ದಾರಿ ಗೊತ್ತಿದೆಯಲ್ಲ.”

ಅವನು ನಕ್ಕ. ಆ ದಿನ ಬೆಳಗಿನಿಂದ ಅದೇ ಮೊದಲು.

ಆ ಸೋಮವಾರ ಕಳೆದ ಮೇಲೆ ಅವನನ್ನು ನಾನು ನೋಡಲಿಲ್ಲ. ಕೆಲವು ವರ್ಷಗಳ ನಂತರ ತಾಯಮ್ಮ ಮಗಳ ಮನೆಗೆಂದು ಮೈಸೂರಿಗೆ ಬಂದವಳು ನನ್ನಲ್ಲಿಗೂ ಬಂದು, ಬೋರಯ್ಯ ಹೋದ ಎಂದಳು. ಮಲಗಿದ್ದು ಎರಡೇ ದಿನವಂತೆ. ಅವನ ಮನೆಯ ಮುಂದೆ ಸೇರಿದವರಲ್ಲಿ ಗಂಡಸರಿಗಿಂತ ಮುದುಕಿಯರೇ ಹೆಚ್ಚಂತೆ, ಎಲ್ಲೆಲ್ಲಿಯ ಊರಿನವರೋ, ಅವನ ಹೆಂಡತಿಗೆ ಯಾರ ಗುರುತೂ ಇರಲಿಲ್ಲವಂತೆ.

ಆ ಸೋಮವಾರ ಸಂಜೆ ಐದೂಕಾಲಿಗೆ ಮಳವಳ್ಳಿ ತಲುಪಿದೆವು. ಡಾಕ್ಟರು ಬೋರಯ್ಯನ ಮುಖ ನೋಡಿದವರೇ, ಎರಡು ದಿನ ಈ ಕಡೆ ಬರಬೇಡ ಎಂದು ಮನೆಗೆ ಕಳಿಸಿದರು. ಅವನು ಟವಲು ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದ. “ನಾಳಿಂದ ಮೈಸೂರಲ್ವಾ? ಅಲ್ಲೂ ಅತ್ತೇರು ಇರ್ತಾರೆ ಕಣ್ರಮ್ಮ. ಬುದ್ಧಿ ಯೋಳಕೋಗ್ಬ್ಯಾಡಿ. ಕೆಲ್ಸ ಕೊಡಿ,” ಎಂದು ಹೇಳಿ ಗೇಟು ದಾಟಿ ಹೋದ.

ವಾರ್ಡಿನಲ್ಲಿ ಹೊಸ ಸಿಸ್ಟರು ಅಳುಮುಖ ಮಾಡಿಕೊಂಡು ನಿಂತಿದ್ದರು. ಮಧ್ಯಾಹ್ನ ಬಂದ ಒಬ್ಬ ಬಸುರಿಯ ಅತ್ತೆ ಹೆರಿಗೆ ಕೋಣೆಯ ಹೊಸಿಲಿಗೆ ಅಡ್ಡ ಕೂತು, ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಗದರಿಸಲು ಬಾಯಿ ತೆರೆದವಳು ಮುಚ್ಚಿದೆ. ಕಪಾಟಿನಿಂದ ಹತ್ತಿಯ ಸುರುಳಿ ತಂದು, ಆ ಅತ್ತೆಯ ಕೈ ಸೋಪಿನಲ್ಲಿ ತೊಳೆಸಿ, ಜಗಲಿಯ ಬೆಂಚಿನ ಮೇಲೆ ಕೂರಿಸಿದೆ. ನಾಳೆಗೆ ಗಾಯ ಒರೆಸುವ ಹತ್ತಿಯುಂಡೆ ಸಾಲುವುದಿಲ್ಲ, ನಮ್ಮ ಹುಡುಗಿಯರ ಕೈಗೆ ಒಂದೇ ಅಳತೆ ಬರುವುದಿಲ್ಲ ಎಂದೆ. ಆಕೆ ಹತ್ತಿಯನ್ನು ಎಳೆದು ನೋಡಿ, “ಇದ್ಕೇನ್ ಮಹಾ,” ಎಂದು ಸೆರಗು ಸಿಕ್ಕಿಸಿಕೊಂಡರು. ಹೊಸಿಲು ಖಾಲಿಯಾಯಿತು, ಸಿಸ್ಟರು ಒಳಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ತಟ್ಟೆಯ ತುಂಬ ಹೂಬತ್ತಿ. ಒಂದೊಂದಕ್ಕೂ ಚೂಪಾದ ತುದಿ, ಒಂದಕ್ಕಿಂತ ಒಂದು ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ತಿದ್ದಲಿಲ್ಲ. ಎಲ್ಲವನ್ನೂ ಡಬ್ಬಿಗೆ ತುಂಬಿ, ಹಬೆಗೆ ಇಟ್ಟು ತೆಗೆದು, ಮುಚ್ಚಳಕ್ಕೆ ಆ ದಿನದ ತಾರೀಖಿನ ಚೀಟಿ ಅಂಟಿಸಿ, ಹೊಸ ಸಿಸ್ಟರಿಗೆ ಒಪ್ಪಿಸಿ ಕೈ ತೊಳೆದುಕೊಂಡೆ. ಗಂಟೆ ಆರೂಮುಕ್ಕಾಲು.